ಥ್ಯಾಂಕ್ಸ್ ಹೇಳಿಸುವ ಮುನ್ನ ನೋಡಲು ಕಲಿಸಿ: ಶಾಲೆಯಲ್ಲಿ ಕೃತಜ್ಞತೆಯ ಅಭ್ಯಾಸ ಶುರುಮಾಡುವವರಿಗೆ

ಬೆಂಗಳೂರಿನ ಒಂದು ಕಾನ್ವೆಂಟ್ ಶಾಲೆಯಲ್ಲಿ ನಾನು ಕನ್ನಡ ಮತ್ತು ಮೌಲ್ಯಶಿಕ್ಷಣ ಕಲಿಸುತ್ತೇನೆ. ಕೆಲವು ವರ್ಷಗಳ ಹಿಂದೆ ಆರನೇ ತರಗತಿಯ ಮಕ್ಕಳಿಗೆ ಅರ್ಧರ್ಧ ಹಾಳೆ ಕೊಟ್ಟು, "ದೇವರಿಗೆ ಯಾವುದಕ್ಕೆಲ್ಲ ಧನ್ಯವಾದ ಹೇಳ್ತೀರಿ, ಬರೀರಿ" ಅಂದೆ. ಸಂಜೆ ಮನೆಗೆ ತಂದು ಓದಿದರೆ ನಲವತ್ತು ಹಾಳೆಗಳಲ್ಲೂ ಹೆಚ್ಚುಕಡಿಮೆ ಅದೇ ಪಟ್ಟಿ: ಅಪ್ಪ, ಅಮ್ಮ, ಊಟ, ಮನೆ, ಶಾಲೆ, ಟೀಚರ್. ಸುಳ್ಳೇನೂ ಅಲ್ಲ. ಆದರೆ ಯಾವ ಹಾಳೆ ಯಾರದೆಂದು ಕೈಬರಹ ನೋಡಿ ಗುರುತಿಸಬೇಕಿತ್ತು, ಬರೆದ ವಿಷಯ ನೋಡಿ ಅಲ್ಲ. ಒಬ್ಬ ಹುಡುಗಿ ಮಾತ್ರ ಹೀಗೆ ಬರೆದಿದ್ದಳು: "ಬೆಳಿಗ್ಗೆ ಮಳೆ ಬಂತು. ವ್ಯಾನ್ ಅಂಕಲ್ ತಲೆ ಮೇಲಿದ್ದ ಟವಲ್ ತೆಗೆದು ನನ್ನ ಬ್ಯಾಗಿಗೆ ಸುತ್ತಿದ್ರು. ಅವರು ನೆನೆದ್ರು."

ಉಳಿದವರಿಗಿಂತ ಅವಳ ಮನಸ್ಸು ದೊಡ್ಡದು ಅಂತ ನಾನು ಹೇಳುವುದಿಲ್ಲ. ಅವಳು ನೋಡಿದ್ದಳು, ಅಷ್ಟೆ. ಲೂಕನ ಸುವಾರ್ತೆಯ 17ನೇ ಅಧ್ಯಾಯದಲ್ಲಿ ಹತ್ತು ಕುಷ್ಠರೋಗಿಗಳ ಕತೆ ಬರುತ್ತದೆ. ಹತ್ತೂ ಜನರಿಗೆ ವಾಸಿಯಾಯಿತು, ಹಿಂತಿರುಗಿ ಬಂದು ಯೇಸುವಿಗೆ ಧನ್ಯವಾದ ಹೇಳಿದವನು ಒಬ್ಬನೇ, ಅದೂ ಪರಕೀಯನೆನಿಸಿಕೊಂಡ ಸಮಾರ್ಯದವನು. ಈ ಕತೆಯನ್ನು ನಾನು ಎಷ್ಟೋ ಸಲ ಹೇಳಿದ್ದೇನೆ. ಅವನು ತನಗೆ ವಾಸಿಯಾದದ್ದನ್ನು "ಕಂಡು" ಹಿಂತಿರುಗಿದ ಎಂಬ ಮಾತಿನ ಮೇಲೆ ನನ್ನ ಕಣ್ಣು ನಿಂತದ್ದು ಆ ಹಾಳೆ ಓದಿದ ಮೇಲೆ. ಅಲ್ಲಿಂದೀಚೆಗೆ ನನ್ನ ಕ್ರಮ ಬದಲಾಗಿದೆ. ಮೊದಲು ಕಣ್ಣು, ಆಮೇಲೆ ಬಾಯಿ.

ಕೆಳಗಿನ ಹೆಜ್ಜೆಗಳು ಕ್ರೈಸ್ತ ಶಾಲೆಯೊಂದರಲ್ಲಿ ಮಾಡಿ ನೋಡಿದವು. ಮಠದ ಶಾಲೆ, ಮುಸ್ಲಿಂ ಅಥವಾ ಜೈನ ಸಂಸ್ಥೆಯ ಶಾಲೆಗಳವರು ತಮ್ಮ ಪ್ರಾರ್ಥನೆಯ ರೀತಿಗೆ ಹೊಂದಿಸಿಕೊಳ್ಳಬಹುದು. ದಾಸೋಹದ ನಾಡಿನಲ್ಲಿ ಇದು ಯಾರಿಗೂ ಹೊಸದಲ್ಲ.

ಮೊದಲ ಹೆಜ್ಜೆ: ಜೂನ್ ತಿಂಗಳು ಪೂರ್ತಿ ಹಾಜರಿ ಮತ್ತು ಮೌನ

ಬೆಳಿಗ್ಗೆ ಹಾಜರಿ ಕರೆಯುವಾಗ ನಾವು ಪುಸ್ತಕ ನೋಡುತ್ತೇವೆ, ಮಕ್ಕಳು "ಪ್ರೆಸೆಂಟ್ ಮಿಸ್" ಅನ್ನುತ್ತ ಪಕ್ಕದವರ ಪೆನ್ಸಿಲ್ ಬಾಕ್ಸ್ ನೋಡುತ್ತಾರೆ. ಇಬ್ಬರೂ ಅಲ್ಲಿ ಇರುವುದಿಲ್ಲ. ಹಾಗಾಗಿ ಮೊದಲ ಬದಲಾವಣೆ ಟೀಚರದ್ದೇ ಆಗಬೇಕು. ಹೆಸರು ಕರೆದು ತಲೆ ಎತ್ತಿ, ಆ ಮಗುವಿನ ಮುಖ ನೋಡಿ, ಮಗುವೂ ನಿಮ್ಮನ್ನು ನೋಡಿದ ಮೇಲೆ ಮುಂದಿನ ಹೆಸರಿಗೆ ಹೋಗಿ. ನಲವತ್ತು ಮಕ್ಕಳಿಗೆ ಎರಡು ನಿಮಿಷ ಹೆಚ್ಚು ಹಿಡಿಯುತ್ತದೆ. ಯಾರ ಕಣ್ಣು ಅತ್ತು ಕೆಂಪಾಗಿದೆ, ಯಾರು ತಿಂಡಿ ತಿನ್ನದೆ ಬಂದಿದ್ದಾರೆ ಎಂಬುದು ಆ ಎರಡು ನಿಮಿಷದಲ್ಲೇ ತಿಳಿಯುತ್ತದೆ.

ಎರಡನೆಯದು ಅಸೆಂಬ್ಲಿಯ ಮೌನ. ನಮ್ಮ ಬೆಳಗಿನ ಸಭೆ ಈಗಾಗಲೇ ತುಂಬಿಹೋಗಿದೆ: ಪ್ರಾರ್ಥನೆ, ನಾಡಗೀತೆ, ಸಂವಿಧಾನದ ಪೀಠಿಕೆ, ವಾರ್ತೆ, ಸುಭಾಷಿತ, ಕೊನೆಗೆ ಪ್ರಕಟಣೆಗಳು. 2022ರಲ್ಲಿ ಸರ್ಕಾರ ನಾಡಗೀತೆಗೆ 2 ನಿಮಿಷ 30 ಸೆಕೆಂಡಿನ ಮಿತಿ ಹಾಕಿತು. ಅಷ್ಟೂ ಬೇಡ, ಒಂದು ನಿಮಿಷ ಸಾಕು ಅಂತ ನಮ್ಮ ಪ್ರಿನ್ಸಿಪಾಲ್ ಸಿಸ್ಟರ್ ಹತ್ತಿರ ಕೇಳಿದೆ, ಕೊಟ್ಟರು. ಈ ಮೌನವನ್ನು ಪ್ರಾರ್ಥನೆಗೆ ಮುಂಚೆ ಇಡಿ. ಆಮೇಲಿಟ್ಟರೆ ಮಕ್ಕಳ ಮನಸ್ಸು ಆಗಲೇ ತರಗತಿಯ ಕಡೆ ನಡೆದಿರುತ್ತದೆ.

"ಸುಮ್ಮನಿರಿ" ಅಂದರೆ ಮೌನ ಬರುವುದಿಲ್ಲ, ಮನಸ್ಸಿಗೆ ಏನಾದರೂ ಕೆಲಸ ಬೇಕು. "ಮೂರು ಶಬ್ದ ಹುಡುಕಿ" ಅನ್ನಿ. ಬೆಂಗಳೂರಿನಲ್ಲಿ ಶಬ್ದಕ್ಕೇನು ಬರ! ಆಟೊ ಹಾರ್ನ್ ಎಲ್ಲರಿಗೂ ಕೇಳುತ್ತದೆ. ಪಕ್ಕದ ಮನೆಯ ಕುಕ್ಕರ್ ಸೀಟಿ ಎರಡನೆಯದು. ಮೂರನೆಯದಕ್ಕೆ ಕಿವಿಗೊಡಬೇಕು: ಮೇಲೆ ಸುತ್ತುವ ಹದ್ದಿನ ಕೂಗು, ಒಣಗಿದ ಎಲೆಗಳ ಮೇಲೆ ಆಡುವ ಪೊರಕೆ, ಹಿಂದಿನ ಸಾಲಿನವನ ಉಸಿರು. ಒಂದನೇ ಎರಡನೇ ತರಗತಿಗೆ ಇಪ್ಪತ್ತು ಸೆಕೆಂಡ್ ಸಾಕು. ಕಣ್ಣು ಮುಚ್ಚಲೇಬೇಕು ಅಂತ ಹೇಳಬೇಡಿ. ಕಣ್ಣು ಮುಚ್ಚಿದರೆ ಹೆದರುವ ಮಕ್ಕಳಿರುತ್ತಾರೆ, ಕಾರಣ ಅವರಿಗೂ ಹೇಳಲು ಬರುವುದಿಲ್ಲ. ನೆಲದ ಮೇಲೆ ಒಂದು ಕಡೆ ದೃಷ್ಟಿ ಇಟ್ಟರೆ ಸಾಕು.

ಈ ತಿಂಗಳಲ್ಲಿ ಧನ್ಯವಾದದ ಮಾತೇ ಎತ್ತಬೇಡಿ. ನನಗೂ ತಡೆದುಕೊಳ್ಳುವುದು ಕಷ್ಟವಾಗಿತ್ತು.

ಎರಡನೇ ಹೆಜ್ಜೆ: ಒಂದು ಲೋಟ ನೀರಿನ ದಾರಿ

ಕೇರಳದ ಶಾಲೆಗಳಲ್ಲಿ 2019ರಲ್ಲಿ ಶುರುವಾದ ನೀರಿನ ಬೆಲ್ ನಮ್ಮ ರಾಜ್ಯಕ್ಕೂ ಬಂತು. ಬೆಲ್ ಹೊಡೆದಾಗ ಮಕ್ಕಳು ನೀರು ಕುಡಿಯಬೇಕು. ಕೃತಜ್ಞತೆ ಕಲಿಸಲು ಇದಕ್ಕಿಂತ ಒಳ್ಳೆಯ ಹೊತ್ತು ನನಗೆ ಸಿಕ್ಕಿಲ್ಲ, ಯಾಕೆಂದರೆ ಬೆಂಗಳೂರಿನಲ್ಲಿ ಒಂದು ಲೋಟ ನೀರು ಸಾಮಾನ್ಯ ವಸ್ತುವಲ್ಲ.

ಜುಲೈಯಲ್ಲಿ ಒಂದು ಪೀರಿಯಡ್ ಪೂರ್ತಿ ಇದಕ್ಕೆ ಕೊಡಿ. ಬೋರ್ಡಿನ ಕೆಳಗಿನ ಮೂಲೆಯಲ್ಲಿ ಒಂದು ನದಿ, ಮೇಲಿನ ಮೂಲೆಯಲ್ಲಿ ನಿಮ್ಮ ಶಾಲೆ ಬರೆಯಿರಿ. ಕಾವೇರಿ ತಲಕಾವೇರಿಯಲ್ಲಿ ಹುಟ್ಟಿ ಹರಿದು ಬರುತ್ತಾಳೆ. ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ, ಅಂದರೆ ಎಲ್ಲರೂ ಕರೆಯುವ ಟಿ.ಕೆ. ಹಳ್ಳಿಯಲ್ಲಿ, ನೀರನ್ನು ಶುದ್ಧೀಕರಿಸುತ್ತಾರೆ. ಅಲ್ಲಿಂದ ಬೆಂಗಳೂರಿಗೆ ಸುಮಾರು 100 ಕಿಲೋಮೀಟರ್. ದೂರವೊಂದೇ ಅಲ್ಲ, ಏರು ಕೂಡ: ನಮ್ಮ ಊರು ಎತ್ತರದಲ್ಲಿರುವುದರಿಂದ ನೀರನ್ನು ಸುಮಾರು 500 ಮೀಟರ್ ಮೇಲೆತ್ತಬೇಕು. ಟಿ.ಕೆ. ಹಳ್ಳಿ, ಹಾರೋಹಳ್ಳಿ, ತಾತಗುಣಿ, ಈ ಮೂರು ಕಡೆ ಪಂಪ್ ಮಾಡುತ್ತಾರೆ. ರಾತ್ರಿ ಪಾಳಿಯಲ್ಲಿ ಆ ಪಂಪ್‌ಗಳ ಪಕ್ಕ ಎಚ್ಚರವಿರುವವರು ಇದ್ದಾರೆ. ನಾವು ನಿದ್ದೆಯಲ್ಲಿದ್ದಾಗ ನಮ್ಮ ನೀರು ಬೆಟ್ಟ ಹತ್ತುತ್ತಿರುತ್ತದೆ.

ಇದನ್ನು ಹೇಳಿದ ದಿನ ನನ್ನ ತರಗತಿಯ ಹುಡುಗನೊಬ್ಬ ಕೈಯಲ್ಲಿದ್ದ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದ. "ಮಿಸ್, ನಮ್ಮನೇಲಿ ಕಾವೇರಿ ಇಲ್ಲ, ಟ್ಯಾಂಕರ್" ಅಂದಳು ಇನ್ನೊಬ್ಬಳು. ಅದನ್ನೂ ಬೋರ್ಡಿಗೆ ಸೇರಿಸಿ. 2024ರ ಬೇಸಿಗೆಯಲ್ಲಿ ಬೋರ್‌ವೆಲ್‌ಗಳು ಬತ್ತಿ ಹಲವು ಬಡಾವಣೆಗಳ ಜನ ಬಿಂದಿಗೆ ಹಿಡಿದು ನಿಂತದ್ದು ಮಕ್ಕಳಿಗೆ ಇನ್ನೂ ನೆನಪಿದೆ. ಅದೇ ವರ್ಷ ಅಕ್ಟೋಬರ್‌ನಲ್ಲಿ, ನಗರಕ್ಕೆ ಸೇರಿದ 110 ಹಳ್ಳಿಗಳಿಗಾಗಿ ಕಾವೇರಿ ನೀರಿನ ಯೋಜನೆಯ ಐದನೇ ಹಂತ ಉದ್ಘಾಟನೆಯಾಯಿತು. ಯಾರ ಮನೆಗೆ ಬಂದಿದೆ, ಯಾರ ಮನೆಗೆ ಬಂದಿಲ್ಲ, ಕೇಳಿ. ಬರದವರ ಎದುರು ನೀರಿಗೆ ಧನ್ಯವಾದ ಹೇಳುವಾಗ ನಮ್ಮ ದನಿ ತಾನಾಗಿ ತಗ್ಗುತ್ತದೆ.

ಮರುದಿನದಿಂದ ನೀರಿನ ಬೆಲ್ ಆದಾಗ ಒಂದೇ ನಿಯಮ: ಮೊದಲ ಗುಟುಕು ಕುಳಿತು, ಮಾತಾಡದೆ, ನಿಧಾನವಾಗಿ. ಅದಕ್ಕೆ ಮಂತ್ರವೂ ಬೇಡ, ಪ್ರಾರ್ಥನೆಯೂ ಬೇಡ. ಉಳಿದ ನೀರನ್ನು ಹೇಗೆ ಬೇಕಾದರೂ ಕುಡಿಯಲಿ.

ಊಟದ ಡಬ್ಬಿಗೂ ಹೀಗೆಯೇ ಮಾಡಬಹುದು. ಚರ್ಚಿನ ಪೂಜೆಯಲ್ಲಿ ಸ್ವೀಕರಿಸುವ, ಕನ್ನಡದ ಕೆಥೋಲಿಕರು ಪರಮಪ್ರಸಾದ ಎನ್ನುವ ರೊಟ್ಟಿಗೆ ಗ್ರೀಕಿನಿಂದ ಬಂದ ಹೆಸರು ಯೂಕರಿಸ್ಟ್. ಆ ಪದದ ಅರ್ಥವೇ ಕೃತಜ್ಞತೆ ಸಲ್ಲಿಸುವುದು. ದೊಡ್ಡ ತರಗತಿಯ ಕ್ರೈಸ್ತ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಿದರೆ ಡಬ್ಬಿಯ ಮುಂದಿನ ಪ್ರಾರ್ಥನೆ ಗಡಿಬಿಡಿಯ ಗೊಣಗಾಗಿ ಉಳಿಯುವುದಿಲ್ಲ.

ಮೂರನೇ ಹೆಜ್ಜೆ: ಹೆಸರು

ನಮ್ಮ ಮಹಡಿಯನ್ನು ಗುಡಿಸಿ ಒರೆಸುತ್ತಿದ್ದವರನ್ನು ಏಳು ವರ್ಷ "ಆಯಮ್ಮ" ಎಂದೇ ಕರೆದೆ. ವಾಂತಿ ಮಾಡಿಕೊಂಡ ಮಕ್ಕಳನ್ನು ತೊಳೆದು, ಬಟ್ಟೆ ಬದಲಿಸಿ, ನೆಲ ಒರೆಸಿ, ಮಗುವಿನ ತಲೆ ಸವರಿ ಕಳಿಸುತ್ತಿದ್ದವರು ಅವರು. ಒಂದು ದಿನ ಅವರು ಬರಲಿಲ್ಲ. ಆಫೀಸಿನಲ್ಲಿ ವಿಚಾರಿಸಲು ಹೋದರೆ, "ಯಾರು, ಹೆಸರೇನು?" ಅಂತ ಕೇಳಿದರು. ನನಗೆ ಗೊತ್ತಿರಲಿಲ್ಲ. ಆ ನಾಚಿಕೆ ಇನ್ನೂ ಹೋಗಿಲ್ಲ.

ಆಗಸ್ಟ್ ತಿಂಗಳಲ್ಲಿ ಪ್ರತಿ ತರಗತಿಗೂ ಒಂದು ಕೆಲಸ ಕೊಡಿ: ಬೆಳಿಗ್ಗೆ ಮನೆ ಬಿಟ್ಟಾಗಿನಿಂದ ಸಂಜೆ ಮನೆ ಸೇರುವ ತನಕ ನಮಗಾಗಿ ದುಡಿಯುವ ಎಲ್ಲರ ಹೆಸರು ತಿಳಿದುಕೊಂಡು ಬರುವುದು. ವ್ಯಾನ್ ಡ್ರೈವರ್, ಗೇಟಿನ ವಾಚ್‌ಮನ್, ಆಯಾಗಳು, ಕ್ಯಾಂಟೀನಿನವರು, ಶಾಲೆಯ ಬೀದಿ ಗುಡಿಸುವ ಪೌರಕಾರ್ಮಿಕರು. ಹೆಸರು ಕೇಳುವ ರೀತಿಯನ್ನೂ ಕಲಿಸಬೇಕು. ಕೆಲಸ ನಿಲ್ಲಿಸಿ ನಿಂತುಕೊಳ್ಳುವಂತೆ ಮಾಡಬಾರದು. ಮೊದಲು ತನ್ನ ಹೆಸರು ಹೇಳಬೇಕು, ಆಮೇಲೆ ಅವರದನ್ನು ಕೇಳಬೇಕು. ಹೇಳಲು ಇಷ್ಟವಿಲ್ಲದಿದ್ದರೆ ಬಿಡಬೇಕು. ಆಮೇಲೆ ಕರೆಯುವಾಗ ಬರೀ ಹೆಸರು ಹಿಡಿದು ಕೂಗದೆ ಅಮ್ಮ, ಅಕ್ಕ, ಅಣ್ಣ ಸೇರಿಸಬೇಕು.

ಇಲ್ಲಿ ಒಂದು ವಿಷಯ ಖಡಾಖಂಡಿತವಾಗಿ ಹೇಳಬೇಕು. ವರ್ಷಕ್ಕೊಮ್ಮೆ ವೇದಿಕೆ ಹಾಕಿ ಸಹಾಯಕ ಸಿಬ್ಬಂದಿಗೆ ಶಾಲು ಹೊದಿಸುವ ಕಾರ್ಯಕ್ರಮ ಬಹಳ ಕಡೆ ನಡೆಯುತ್ತದೆ. ನಾನು ಹಿಂದೆ ಕೆಲಸ ಮಾಡುತ್ತಿದ್ದ ಕಡೆಯೂ ಇತ್ತು. ಕಾರ್ಯಕ್ರಮ ಮುಗಿದ ಮೇಲೆ ಅದೇ ಶಾಲನ್ನು ಮಡಚಿ ಕಂಕುಳಲ್ಲಿಟ್ಟುಕೊಂಡು ಅವರೇ ಕುರ್ಚಿ ಎತ್ತಿಟ್ಟರು, ಅವರೇ ಹೂವಿನ ಕಸ ಗುಡಿಸಿದರು. ನಾವು ಸ್ಟಾಫ್ ರೂಮಿನಲ್ಲಿ ಕಾಫಿ ಕುಡಿಯುತ್ತಿದ್ದೆವು. ಸನ್ಮಾನ ಮಾಡುವುದಾದರೆ ಅವತ್ತು ಕುರ್ಚಿ ಎತ್ತುವುದು, ಕಸ ಗುಡಿಸುವುದು ಒಂಬತ್ತನೇ ತರಗತಿಯವರ ಮತ್ತು ಟೀಚರುಗಳ ಕೆಲಸ ಎಂದು ಮೊದಲೇ ಬರೆದಿಡಿ. ಆಗದಿದ್ದರೆ ಶಾಲೂ ಬೇಡ.

ನಾಲ್ಕನೇ ಹೆಜ್ಜೆ: ಮನೆಮಾತಿನಲ್ಲಿ ಧನ್ಯವಾದ

"ಥ್ಯಾಂಕ್ಯೂ" ಎಂಬ ಪದ ನಮ್ಮ ಮಕ್ಕಳ ಬಾಯಲ್ಲಿ ಸವೆದುಹೋಗಿದೆ. "ಧನ್ಯವಾದ" ಭಾಷಣದ ಪದವಾಗಿದೆ, ಅಡುಗೆಮನೆಯಲ್ಲಿ ಯಾರೂ ಅನ್ನುವುದಿಲ್ಲ. ಹಾಗಂತ ಕನ್ನಡಕ್ಕೆ ಮಾತಿಲ್ಲವೇ? ನಮ್ಮಜ್ಜಿ ನೀರು ಕೊಟ್ಟವರಿಗೆ "ನಿನ್ ಹೊಟ್ಟೆ ತಣ್ಣಗಿರ್ಲಿ ಕಣವ್ವ" ಅನ್ನುತ್ತಿದ್ದರು. "ದೊಡ್ಡ ಉಪಕಾರ ಆಯ್ತು", "ನಿಮ್ಮ ಋಣ ಹೇಗೆ ತೀರಿಸಲಿ" ಅನ್ನುತ್ತಿದ್ದರು. ಕೊಟ್ಟವರನ್ನು ನೋಡದೆ ಈ ಮಾತುಗಳನ್ನು ಆಡಲು ಆಗುವುದಿಲ್ಲ.

ಮನೆಯಲ್ಲಿ ಹಿರಿಯರು ಯಾವ ಮಾತಿನಲ್ಲಿ ಕೃತಜ್ಞತೆ ಹೇಳುತ್ತಾರೆ, ಕೇಳಿಕೊಂಡು ಬರಲು ಹೇಳಿ. ಬೆಂಗಳೂರಿನ ಒಂದು ತರಗತಿಯಲ್ಲಿ ಆರೇಳು ಭಾಷೆ ಸಿಗುತ್ತವೆ. ನಮ್ಮಲ್ಲಿ ತಮಿಳಿನ ನನ್ರಿ, ಉರ್ದುವಿನ ಶುಕ್ರಿಯಾ, ತುಳುವಿನ ಸೊಲ್ಮೆಲು ಬಂದವು. ಮಂಗಳೂರು ಕಡೆಯ ಕೊಂಕಣಿ ಹುಡುಗಿ "ದೇವ್ ಬರೆಂ ಕರುಂ" ತಂದಳು, ದೇವರು ನಿಮಗೆ ಒಳ್ಳೆಯದು ಮಾಡಲಿ ಅಂತ. ಅವರ ಮನೆಯಲ್ಲಿ ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ, ಅಂದರೆ ಮಾತೆ ಮರಿಯಳ ಹುಟ್ಟುಹಬ್ಬಕ್ಕೆ, ಆಶೀರ್ವದಿಸಿದ ಹೊಸ ಭತ್ತದ ತೆನೆ ಮನೆಗೆ ತಂದು, ಕಾಳು ಸುಲಿದು ಎಲ್ಲರೂ ಹಂಚಿಕೊಂಡು ಸೇವಿಸುತ್ತಾರಂತೆ. ಅದೇ ದಿನ ಶಿವಾಜಿನಗರದ ಸಂತ ಮೇರಿ ಬೆಸಿಲಿಕಾದಲ್ಲಿ ಮಾತೆಯ ತೇರು, ಎಲ್ಲ ಧರ್ಮದವರೂ ಸೇರುತ್ತಾರೆ. ಎರಡನ್ನೂ ಜೋಡಿಸಿ ಆ ವಾರದ ಪಾಠ ಮಾಡಿಕೊಂಡೆ.

ಐದನೇ ಹೆಜ್ಜೆ: ವಾರಕ್ಕೊಂದೇ ಪುಟ

ಈಗ ಬರೆಯಿಸಬಹುದು. ದಿನವೂ ಬರೆಯಿಸಬೇಡಿ, ಹೋಮ್‌ವರ್ಕ್ ಆಗಿಬಿಡುತ್ತದೆ. ಮನಶ್ಶಾಸ್ತ್ರಜ್ಞರಾದ ರಾಬರ್ಟ್ ಎಮನ್ಸ್ ಮತ್ತು ಮೈಕೆಲ್ ಮೆಕಲಫ್ 2003ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಕೆಲವರಿಗೆ ವಾರಕ್ಕೊಮ್ಮೆ ಕೃತಜ್ಞರಾಗಬೇಕಾದ ಐದು ಸಂಗತಿ, ಇನ್ನು ಕೆಲವರಿಗೆ ಕಿರಿಕಿರಿ ತಂದ ಸಂಗತಿ ಬರೆಯಲು ಹೇಳಿದ್ದರು. ಮೊದಲ ಗುಂಪಿನವರು ತಮ್ಮ ಬದುಕಿನ ಬಗ್ಗೆ ಹೆಚ್ಚು ಸಮಾಧಾನ ತೋರಿದರು. ನಾನು ಐದನ್ನು ಒಂದಕ್ಕೆ ಇಳಿಸಿ, ಮೂರು ಪ್ರಶ್ನೆ ಸೇರಿಸಿದೆ. ಯಾರು? ಏನು ಮಾಡಿದರು? ಅದಕ್ಕಾಗಿ ಅವರು ಏನು ಬಿಟ್ಟುಕೊಟ್ಟರು?

ಮೂರನೇ ಪ್ರಶ್ನೆಯೇ ಮುಖ್ಯ. "ಅಮ್ಮ ದೋಸೆ ಮಾಡಿದ್ರು" ಎಂಬುದು ಅದರಿಂದ "ಅಮ್ಮ ಎಲ್ಲರಿಗೂ ದೋಸೆ ಹಾಕಿ ತಾನು ನಿಂತ್ಕೊಂಡೇ ತಿಂದು ಬಸ್ಸಿಗೆ ಓಡಿದ್ರು" ಎಂದಾಗುತ್ತದೆ. ಅಂಕ ಹಾಕಬೇಡಿ, ಕಾಗುಣಿತ ತಿದ್ದಬೇಡಿ. ಕನ್ನಡದ ಟೀಚರಾಗಿ ಇದು ನನಗೆ ಸುಲಭವಲ್ಲ. ಮಗುವಿನ ಒಪ್ಪಿಗೆ ಇಲ್ಲದೆ ಯಾವ ಪುಟವನ್ನೂ ತರಗತಿಯಲ್ಲಿ ಓದಬೇಡಿ.

ಆರನೇ ಹೆಜ್ಜೆ: ದಿನದ ಕೊನೆಯ ನಾಲ್ಕು ನಿಮಿಷ

ಯೇಸುಸಭೆಯ, ಅಂದರೆ ಜೆಸ್ವಿಟ್ ಗುರುಗಳ ಸಂಘದ, ಸಂಸ್ಥಾಪಕರಲ್ಲೊಬ್ಬರಾದ ಸಂತ ಇಗ್ನೇಷಿಯಸ್ ಹದಿನಾರನೇ ಶತಮಾನದಲ್ಲಿ ಕಲಿಸಿದ ದಿನದ ಆತ್ಮಪರೀಕ್ಷೆಗೆ ಐದು ಭಾಗ: ಮೊದಲು ಕೃತಜ್ಞತೆ, ಆಮೇಲೆ ಬೆಳಕಿಗಾಗಿ ಬೇಡಿಕೆ, ದಿನವನ್ನು ಗಳಿಗೆ ಗಳಿಗೆಯಾಗಿ ತಿರುಗಿ ನೋಡುವುದು, ಕ್ಷಮೆ, ನಾಳೆಯ ಸಂಕಲ್ಪ. ಮಕ್ಕಳಿಗೆ ನಾನು ಇದನ್ನು ಹೀಗೆ ಕೇಳುತ್ತೇನೆ: "ಬೆಳಿಗ್ಗೆ ಗೇಟಿನಿಂದ ಶುರುಮಾಡಿ, ಒಂದೊಂದೇ ಪೀರಿಯಡ್ ನೆನಪು ಮಾಡ್ಕೊಳ್ಳಿ. ಎಲ್ಲಿ ಖುಷಿ ಆಯ್ತು? ಯಾರಿಗೆ ನೋವು ಮಾಡಿದ್ರಿ? ನಾಳೆ ಏನು ಮಾಡ್ತೀರಿ?" ಕೊನೆಯ ಬೆಲ್‌ಗೆ ಐದು ನಿಮಿಷ ಮುಂಚೆ ಬ್ಯಾಗ್ ಕಟ್ಟಿಸಿ, ಆಮೇಲೆ ಶುರುಮಾಡಿ. ಬ್ಯಾಗ್ ಕಟ್ಟದ ಮಗುವಿನ ತಲೆಯಲ್ಲಿ ಬ್ಯಾಗೇ ಇರುತ್ತದೆ.

ಧನ್ಯವಾದ ಬಾರದ ಮಕ್ಕಳು

ಇದಕ್ಕೆ ಹೆಜ್ಜೆಯ ಸಂಖ್ಯೆ ಹಾಕಿಲ್ಲ. ಮೊದಲ ದಿನದಿಂದ ಕೊನೆಯ ದಿನದ ತನಕ ಇದು ಜೊತೆಗಿರಬೇಕು.

ಆ ವರ್ಷ ತಂದೆಯನ್ನು ಕಳೆದುಕೊಂಡಿದ್ದ ಹುಡುಗನೊಬ್ಬ ಖಾಲಿ ಪುಟ ಕೊಟ್ಟು, "ನನಗೆ ಈ ಸಲ ಏನೂ ಇಲ್ಲ ಮಿಸ್" ಅಂದ. ನನ್ನ ಬಾಯಿಗೆ "ಅಮ್ಮ ಇದ್ದಾರಲ್ಲಪ್ಪ" ಎಂಬ ಮಾತು ಬಂದಿತ್ತು. ದೇವರ ದಯೆ, ಆಡಲಿಲ್ಲ. "ಖಾಲಿ ಪುಟವೂ ಸರಿ ಮಗು" ಅಂದೆ. ಬೈಬಲ್ಲಿನ 150 ಕೀರ್ತನೆಗಳಲ್ಲಿ ಸುಮಾರು ಮೂರನೇ ಒಂದು ಪಾಲು ಗೋಳಿನವು. ದೇವರೇ ಎಲ್ಲಿದ್ದೀ, ಎಷ್ಟು ದಿನ ಹೀಗೆ, ಎಂದು ಕೂಗುವಂಥವು. ದೇವರ ಮುಂದೆ ಅಳಲು ಅಷ್ಟು ಜಾಗ ಇರುವಾಗ ನಾವು ತರಗತಿಯಲ್ಲಿ ಯಾಕೆ ಕೊಡಬಾರದು? ಮಕ್ಕಳು ವಾರಕ್ಕೊಮ್ಮೆ ಬರೆಯುವ ಪುಸ್ತಕದಲ್ಲೇ ಒಂದು ಪುಟಕ್ಕೆ "ನನ್ನ ಅಳಲು" ಎಂದು ಹೆಸರಿಡಿ.

ಕೃತಜ್ಞತೆಯನ್ನು ದೂರು ಮುಚ್ಚುವ ಮುಚ್ಚಳ ಮಾಡಬೇಡಿ. ಶೌಚಾಲಯದಲ್ಲಿ ನೀರಿಲ್ಲ ಎಂದು ಮಗು ಹೇಳಿದರೆ, "ಎಷ್ಟೋ ಮಕ್ಕಳಿಗೆ ಶಾಲೆಯೇ ಇಲ್ಲ" ಎನ್ನುವುದು ಉತ್ತರವಲ್ಲ, ನೀರು ಬರಿಸುವುದು ಉತ್ತರ. ಯಾರಾದರೂ ಮೈ ಮುಟ್ಟಿದರು, ಹಿಂಸೆ ಕೊಟ್ಟರು ಎಂದು ಬರೆದಿದ್ದರೆ ಆ ಪುಟ ನಿಮ್ಮಲ್ಲೇ ಉಳಿಯುವಂತಿಲ್ಲ. 2012ರ ಪೋಕ್ಸೊ ಕಾಯ್ದೆಯಂತೆ ಲೈಂಗಿಕ ದೌರ್ಜನ್ಯದ ವಿಷಯ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ಮಕ್ಕಳ ಸಹಾಯವಾಣಿ 1098 ಎಂಬ ಸಂಖ್ಯೆಯನ್ನು ಆ ಪುಸ್ತಕದ ಮೊದಲ ಪುಟದಲ್ಲಿ ಮಕ್ಕಳಿಂದಲೇ ಬರೆಯಿಸಿ.

ಬೇರೆ ಧರ್ಮದ ಮಕ್ಕಳು, ಮತ್ತು ಮನೆ

ಸಂವಿಧಾನದ 28ನೇ ವಿಧಿಯ ಮೂರನೇ ಖಂಡದ ಪ್ರಕಾರ, ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಯಲ್ಲಿ ಪೋಷಕರ ಒಪ್ಪಿಗೆಯಿಲ್ಲದೆ ಮಗುವನ್ನು ಧಾರ್ಮಿಕ ಬೋಧನೆಯಲ್ಲಾಗಲಿ ಪೂಜೆಯಲ್ಲಾಗಲಿ ತೊಡಗಿಸುವಂತಿಲ್ಲ. ಇದನ್ನು ಅಡ್ಡಿ ಎಂದು ನಾನು ತಿಳಿದಿಲ್ಲ. ಮೌನ, ನೀರು, ಹೆಸರು, ಪುಸ್ತಕ ಎಲ್ಲರಿಗೂ ಇರಲಿ. ಶಾಲೆಯ ಪ್ರಾರ್ಥನೆಯನ್ನು ಪ್ರಾರ್ಥನೆ ಎಂದೇ ಕರೆಯಿರಿ, ಮರೆಮಾಚಬೇಡಿ. ಆ ಹೊತ್ತಿನಲ್ಲಿ ತನ್ನ ದೇವರನ್ನು ನೆನೆಯುವ ಅಥವಾ ಸುಮ್ಮನಿರುವ ಹಕ್ಕು ಮಗುವಿಗಿದೆ ಎಂದು ಜೂನ್‌ನ ಪೋಷಕರ ಸಭೆಯಲ್ಲೇ ಹೇಳಿ. ಊಟಕ್ಕೆ ಮುಂಚೆ ಬಿಸ್ಮಿಲ್ಲಾ ಹೇಳುವ ಹುಡುಗಿಗೆ ಕೃತಜ್ಞತೆ ಏನೆಂದು ನಾನು ಹೊಸದಾಗಿ ಕಲಿಸಬೇಕಿಲ್ಲ.

ಪೋಷಕರಿಂದ ಕೇಳಬೇಕಾದದ್ದು ಒಂದೇ: ರಾತ್ರಿ ಊಟದ ಹೊತ್ತಿಗೆ ಎಲ್ಲರ ಫೋನೂ ಬೇರೆ ಕೋಣೆಯಲ್ಲಿರಲಿ, ಅಪ್ಪನದೂ ಸೇರಿ. ಟ್ರಾಫಿಕ್‌ನಲ್ಲಿ ಸಿಕ್ಕು ಒಂಬತ್ತು ಗಂಟೆಗೆ ಮನೆ ಸೇರುವವರಿಗೆ ಹೆಚ್ಚು ಹೇಳಲು ನನಗೆ ಮನಸ್ಸು ಬರುವುದಿಲ್ಲ. ಹದಿನೈದು ನಿಮಿಷವಾದರೂ ಸಾಕು.

ಕೊನೆಯ ಹೆಜ್ಜೆ: ಮಾರ್ಚ್‌ನ ಪತ್ರ

ಪರೀಕ್ಷೆಗೆ ಮುಂಚಿನ ವಾರ ಪ್ರತಿ ಮಗುವೂ ವರ್ಷದ ಪುಟಗಳನ್ನು ತಿರುವಿ ನೋಡಿ ಒಬ್ಬರನ್ನು ಆರಿಸಲಿ, ಅವರಿಗೆ ಒಂದು ಪುಟದ ಪತ್ರ ಬರೆಯಲಿ. ಸಿದ್ಧ ಕಾರ್ಡ್, ಮಿನುಗು, ಸ್ಟಿಕ್ಕರ್ ಬೇಡ, ಗೆರೆ ಹಾಕಿದ ಹಾಳೆ ಸಾಕು. "ನೀವು ತುಂಬಾ ಒಳ್ಳೆಯವರು" ಎಂದು ಬರೆದಿದ್ದರೆ ವಾಪಸ್ ಕೊಟ್ಟು, "ಅವರು ಏನು ಮಾಡಿದ್ದನ್ನ ನೀನು ನೋಡ್ದೆ?" ಅಂತ ಕೇಳಿ. ಟೀಚರಿಗೇ ಬರೆಯುವ ಮಕ್ಕಳು ಬಹಳ ಇರುತ್ತಾರೆ, ಅದಕ್ಕೆ ಮೊದಲೇ "ನನಗೆ ಬೇಡ" ಅನ್ನಿ.

ಪತ್ರವನ್ನು ಮಗುವೇ ಕೈಯಾರೆ ಕೊಡಬೇಕು. ಆಯಾಗಳಿಗೆ ಕೊಡುವುದಾದರೆ ಮಧ್ಯಾಹ್ನದ ಊಟದ ಬಿಡುವಿನಲ್ಲಿ ಹೋಗಬೇಡಿ, ಇಡೀ ದಿನದಲ್ಲಿ ಅವರು ಕೂರುವುದು ಆಗೊಂದೇ ಸಲ. ಓದಲು ಬಾರದವರಿಗೆ ಮಗುವೇ ಓದಿ ಹೇಳಲಿ. ಎರಡನೇ ಸಲ ಓದು ಅಂತ ಅವರು ಕೇಳಬಹುದು, ಹಾಗಾಗಿ ಮುಂದಿನ ಪೀರಿಯಡ್ಡಿನ ಟೀಚರ್ ಹತ್ತಿರ ಐದು ನಿಮಿಷ ಮೊದಲೇ ಕೇಳಿಟ್ಟುಕೊಳ್ಳಿ.